ವಾಲ್ವ್ ಯಾವುದು ಅಂತ ಕೇಳುವ ಮೊದಲು ಲ್ಯಾಬ್ ಎಲ್ಲಿದೆ ನೋಡಿ

ಪ್ರಶ್ನೆ: ನನ್ನ ಹೆಂಡತಿಗೆ 33 ವರ್ಷ. ಚಿಕ್ಕವಳಿದ್ದಾಗ ಕೀಲುವಾತದ ಜ್ವರ ಬಂದು ಹಾರ್ಟಿನ ವಾಲ್ವ್ ಕೆಟ್ಟಿತ್ತಂತೆ. 8 ವರ್ಷದ ಹಿಂದೆ ಬೆಂಗಳೂರಿನಲ್ಲಿ ಬಲೂನ್ ಹಾಕಿ ಬಿಡಿಸಿದ್ದರು. ಈಗ ಮತ್ತೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಎಕೋದಲ್ಲಿ ಮೈಟ್ರಲ್ ವಾಲ್ವ್ 0.9 ಅಂತ ಬಂದಿದೆ, ಲೀಕೂ ಜಾಸ್ತಿ ಇದೆಯಂತೆ. ಎದೆಬಡಿತ ಏರುಪೇರಾಗಿದೆ ಅಂತ ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ ಶುರು ಮಾಡಿದ್ದಾರೆ. ಇನ್ನು ಬಲೂನ್ ಆಗಲ್ಲ, ವಾಲ್ವ್ ಬದಲಿಸಬೇಕು, ಮೆಟಲ್ಲಾ ಟಿಶ್ಯೂನಾ ಯೋಚಿಸಿ ಬನ್ನಿ ಅಂದರು. ನಮಗೆ 7 ವರ್ಷದ ಒಬ್ಬಳೇ ಮಗಳು. ಇನ್ನೊಂದು ಮಗು ಬೇಕು ಅಂತ ನನ್ನ ಅಮ್ಮನ ಆಸೆ. ಹಂದಿ, ದನದ ವಾಲ್ವ್ ಮಾತ್ರ ಬೇಡ ಅಂತಲೂ ಅಮ್ಮ ಹೇಳುತ್ತಾರೆ. ನಾವಿರುವುದು ಹೊಸದುರ್ಗ ತಾಲೂಕಿನ ಒಂದು ಹಳ್ಳಿ. ಯಾವ ವಾಲ್ವ್ ಒಳ್ಳೆಯದು? ಆಪರೇಷನ್‌ಗೆ ಮೊದಲು ಏನು ತಯಾರಿ ಬೇಕು? ಮೆಟಲ್ ವಾಲ್ವ್ ಟಿಕ್ ಟಿಕ್ ಅಂತ ಶಬ್ದ ಮಾಡುತ್ತಂತೆ, ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು 'ನಾವಿರುವುದು ಹೊಸದುರ್ಗ ತಾಲೂಕಿನ ಹಳ್ಳಿ' ಅನ್ನುವ ಸಾಲು. ನೀವು ಅದನ್ನು ಸುಮ್ನೆ ವಿಳಾಸ ಹೇಳಿದ ಹಾಗೆ ಬರೆದಿರಬಹುದು. ಬಂದವರೆಲ್ಲ ಯಾವ ವಾಲ್ವ್ ಜಾಸ್ತಿ ಬಾಳಿಕೆ ಬರುತ್ತದೆ ಅಂತ ಕೇಳುತ್ತಾರೆ. ನಿಮ್ಮೂರಿಂದ ರಕ್ತ ಪರೀಕ್ಷೆಯ ಲ್ಯಾಬ್ ಎಷ್ಟು ದೂರ, ಬೆಳಗಿನ ಬಸ್ ಎಷ್ಟು ಹೊತ್ತಿಗೆ ಅಂತ ನಾನು ತಿರುಗಿ ಕೇಳುತ್ತೇನೆ. ಯಾಕೆ ಅನ್ನುವುದಕ್ಕೆ ಆಮೇಲೆ ಬರೋಣ.

ಮೊದಲು ಆ 0.9ರ ವಿಷಯ. ಹೃದಯದ ಎಡಗಡೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ರಕ್ತ ಇಳಿಯುವ ಬಾಗಿಲೇ ಮೈಟ್ರಲ್ ವಾಲ್ವ್. ಸರಿಯಾಗಿ ತೆರೆದರೆ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. 1.5ಕ್ಕೆ ಇಳಿದರೇ ನಾವು ಅದನ್ನು ತೀವ್ರ ಅನ್ನುತ್ತೇವೆ. ನಿಮ್ಮ ಮನೆಯವರದು 0.9. ಮುಂದಕ್ಕೆ ಹೋಗಲಾರದ ರಕ್ತ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಮಲಗಿದಾಗ ಕೆಮ್ಮು ಬರುವುದು ಅದಕ್ಕೇ, ಶೀತದ ಕೆಮ್ಮಲ್ಲ ಅದು. ಗಂಟಲು ನೋವಾಗಿ ಬರುವ ಒಂದು ಜಾತಿಯ ಸೋಂಕು, ಆಮೇಲೆ ಕೀಲುವಾತದ ಜ್ವರ, ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ವಾಲ್ವಿನ ಎಲೆಗಳು ದಪ್ಪವಾಗಿ ಅಂಚಿನಲ್ಲಿ ಅಂಟಿಕೊಳ್ಳುವುದು. ನಮ್ಮ ಕಡೆ ಚಿಕ್ಕ ವಯಸ್ಸಿನವರ ವಾಲ್ವ್ ಕೆಡುವುದಕ್ಕೆ ಇದೇ ದೊಡ್ಡ ಕಾರಣ. ಬಲೂನ್ ಆ ಅಂಟನ್ನು ಬಿಡಿಸುತ್ತದೆ ಅಷ್ಟೆ, ಎಲೆಯನ್ನು ಹೊಸದು ಮಾಡುವುದಿಲ್ಲ. 8 ವರ್ಷ ನಡೆಸಿಕೊಟ್ಟಿದೆ, ನಡುವೆ ಒಂದು ಮಗುವೂ ಆಗಿದೆ. ಅದು ಒಳ್ಳೆಯ ಫಲವೇ. ಈಗ ಲೀಕ್ ಜಾಸ್ತಿ ಇರುವಾಗ ಮತ್ತೆ ಬಲೂನ್ ಊದಿದರೆ ಲೀಕ್ ಇನ್ನೂ ದೊಡ್ಡದಾಗುತ್ತದೆ. ನಿಮ್ಮ ಡಾಕ್ಟರು ಬೇಡ ಅಂದಿದ್ದು ಸರಿಯಾಗಿದೆ.

ರಿಪೇರಿ ಸಾಧ್ಯವಾ ಅಂತ ಸರ್ಜನ್ನರನ್ನು ಒಂದು ಸಲ ಕೇಳಿ. ವಯಸ್ಸಿನಿಂದ ಸಡಿಲವಾಗಿ ಲೀಕಾಗುವ ವಾಲ್ವಿಗೆ ರಿಪೇರಿಯೇ ಮೇಲು. ಕೀಲುವಾತದಿಂದ ಕೆಟ್ಟು ದಪ್ಪವಾಗಿ, ಸುಣ್ಣಗಟ್ಟಿದ ವಾಲ್ವಿಗೆ ರಿಪೇರಿ ಅಷ್ಟು ನಿಲ್ಲುವುದಿಲ್ಲ. ಆದರೂ 33 ವರ್ಷದವರಿಗೆ ಕೇಳದೆ ಬಿಡಬೇಡಿ. ಪತ್ರಿಕೆಯಲ್ಲಿ ಬರುವ, ಎದೆ ಕೊಯ್ಯದೆ ಕಾಲಿನ ರಕ್ತನಾಳದಿಂದ ವಾಲ್ವ್ ಕೂರಿಸುವ ಟಾವಿ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದು ಬೇರೆ ವಾಲ್ವಿಗೆ, ಹೆಚ್ಚಾಗಿ ವಯಸ್ಸಾದವರಿಗೆ.

ಇನ್ನು ಮೆಟಲ್ ಮತ್ತು ಟಿಶ್ಯೂ. ಬಾಯಿಮಾತಿಗೆ ಮೆಟಲ್ ಅನ್ನುತ್ತೇವೆ. ನಿಜಕ್ಕೆ ಈಗಿನ ಎರಡು ಎಲೆಯ ವಾಲ್ವ್‌ಗಳ ಎಲೆ ಒಂದು ಬಗೆಯ ಗಟ್ಟಿ ಕಾರ್ಬನ್. ನಮ್ಮ ದೇಶದ್ದೇ ಚಿತ್ರಾ ವಾಲ್ವ್ ಇದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ಮಾಡಿದ್ದು. ಮೂರು ಮಾದರಿ ಕೈಕೊಟ್ಟು, ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಅಲ್ಲಿಂದ ಈಚೆಗೆ ಲಕ್ಷಕ್ಕೂ ಹೆಚ್ಚು ಜನರಿಗೆ ಹಾಕಲಾಗಿದೆ. ಅದರಲ್ಲಿ ಓಲಾಡುವ ಒಂದೇ ಬಿಲ್ಲೆ, ಅದೂ ಪ್ಲಾಸ್ಟಿಕ್ ಜಾತಿಯದು. ವಲಿಯತ್ತಾನ್ ಅವರು ಆಮೇಲೆ ನಮ್ಮ ಮಣಿಪಾಲಕ್ಕೇ ಬಂದು ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ದೇಶಿ ವಾಲ್ವ್ ಹಾಕುತ್ತೇವೆ ಅಂದರೆ ಮುಖ ಸಣ್ಣದು ಮಾಡಿಕೊಳ್ಳುವವರು ಈಗಲೂ ಇದ್ದಾರೆ. ಹಾಗೆ ಮಾಡಿಕೊಳ್ಳುವ ಕಾರಣವಿಲ್ಲ.

ಈ ವಾಲ್ವ್‌ಗಳು ಸವೆಯುವುದಿಲ್ಲ. ನಿಮ್ಮ ಮನೆಯವರ ಜೀವಮಾನಕ್ಕೂ ಬರಬಹುದು. ತೊಂದರೆ ಏನೆಂದರೆ ಹೊರಗಿನ ವಸ್ತುವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೆ ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ, ದಿನವೂ, ಬದುಕಿರುವವರೆಗೆ. ಟಿಶ್ಯೂ ವಾಲ್ವ್ ಅಂದರೆ ಹಂದಿಯ ವಾಲ್ವನ್ನೋ, ದನದ ಹೃದಯದ ಮೇಲಿನ ಪೊರೆಯನ್ನೋ ರಾಸಾಯನಿಕದಲ್ಲಿ ಹದ ಮಾಡಿ ಹೊಲಿದದ್ದು. ಮೊದಲ ಕೆಲವು ತಿಂಗಳು ಬಿಟ್ಟರೆ ವಾಲ್ವಿನ ಸಲುವಾಗಿ ಆ ಮಾತ್ರೆ ಬೇಡ. ಆದರೆ ಅದು ಸವೆಯುತ್ತದೆ. 70 ವರ್ಷದವರಿಗೆ ಹಾಕಿದರೆ 15 ವರ್ಷವೂ ಬಂದೀತು. ಎಳೆಯ ಮೈಯಲ್ಲಿ ಬೇಗ ಸುಣ್ಣಗಟ್ಟುತ್ತದೆ, ಮೈಟ್ರಲ್ ಜಾಗದಲ್ಲಿ ಇನ್ನೂ ಬೇಗ. ಮೂವತ್ತರ ಆಸುಪಾಸಿನವರಲ್ಲಿ ಹತ್ತು ವರ್ಷದೊಳಗೇ ಕೆಟ್ಟು ಬಂದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಆಗ ಎರಡನೇ ಆಪರೇಷನ್. ಒಮ್ಮೆ ಕೊಯ್ದ ಎದೆಯನ್ನು ಮತ್ತೆ ಬಿಡಿಸುವುದು ಮೊದಲಿನಷ್ಟು ಸಲೀಸಲ್ಲ. ಹಳೇ ಟಿಶ್ಯೂ ವಾಲ್ವಿನ ಒಳಗೇ ತಂತಿಯ ಮೂಲಕ ಹೊಸದನ್ನು ಕೂರಿಸುವ ದಾರಿಯೂ ಬಂದಿದೆ. ದುಬಾರಿ. ಅದನ್ನು ನಂಬಿ ಈಗ ತೀರ್ಮಾನ ಮಾಡಬೇಡಿ.

ದೊಡ್ಡ ಡಾಕ್ಟರ್ ಸಂಘಗಳ ಸಲಹೆ ಹೀಗಿದೆ: ಮೈಟ್ರಲ್ ಜಾಗದಲ್ಲಿ 65ರ ಒಳಗಿನವರಿಗೆ, ರಕ್ತ ತೆಳು ಮಾಡುವ ಮಾತ್ರೆ ನಡೆಸಿಕೊಂಡು ಹೋಗಬಲ್ಲವರಾದರೆ, ಮೆಟಲ್. ಆ 'ನಡೆಸಿಕೊಂಡು ಹೋಗಬಲ್ಲವರಾದರೆ' ಅನ್ನುವ ಮಾತಿಗೇ ನಾನು ಲ್ಯಾಬ್ ಕೇಳಿದ್ದು.

ಈ ಮಾತ್ರೆಯ ಡೋಸ್ ಎಲ್ಲರಿಗೂ ಒಂದೇ ಅಲ್ಲ. ಐಎನ್‌ಆರ್ ಅನ್ನುವ, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಪರೀಕ್ಷೆ ಮಾಡಿ ನೋಡುತ್ತಲೇ ಇರಬೇಕು. ಮಾತ್ರೆ ತಿನ್ನದವರಲ್ಲಿ ಅದು 1ರ ಹತ್ತಿರ ಇರುತ್ತದೆ. ಮೈಟ್ರಲ್ ಮೆಟಲ್ ವಾಲ್ವ್ ಇದ್ದವರಲ್ಲಿ 2.5ರಿಂದ 3.5ರ ನಡುವೆ ನಿಲ್ಲಬೇಕು. ಕೆಳಗಿಳಿದರೆ ಹೆಪ್ಪು, ಲಕ್ವ. ತುಂಬಾ ಮೇಲೇರಿದರೆ ರಕ್ತಸ್ರಾವ. ಶುರುವಿನಲ್ಲಿ ವಾರಕ್ಕೊಮ್ಮೆ, ಒಂದು ಹದಕ್ಕೆ ಬಂದ ಮೇಲೆ ತಿಂಗಳಿಗೊಮ್ಮೆ ಪರೀಕ್ಷೆ. ಆಪರೇಷನ್ ಒಂದು ದಿನದ ಕೆಲಸ. ಇದು ಮುಂದಿನ ನಲವತ್ತು ವರ್ಷದ ಕೆಲಸ. ಹಾಗಾಗಿ ಈಗಲೇ ಹೊಸದುರ್ಗಕ್ಕೆ ಹೋಗಿ ವಿಚಾರಿಸಿ. ಐಎನ್‌ಆರ್ ಮಾಡುವ ಲ್ಯಾಬ್ ಇದೆಯಾ? ಅದೇ ದಿನ ರಿಪೋರ್ಟ್ ಕೊಡುತ್ತಾರಾ, ಬೇರೆ ಊರಿಗೆ ಕಳಿಸುತ್ತಾರಾ? ರಿಪೋರ್ಟನ್ನು ಫೋನಿನಲ್ಲಿ ಕಳಿಸಿದರೆ ನೋಡಿ ಡೋಸ್ ಹೇಳುವ ಡಾಕ್ಟರು ಯಾರು? ನಿಮ್ಮ ಮನೆಯವರು ಈಗಾಗಲೇ ಅಸಿಟ್ರಾಮ್ ತಿನ್ನುತ್ತಿದ್ದಾರಲ್ಲ, ಅದೇ ನಿಮಗೆ ಸಿಕ್ಕ ಪ್ರಯೋಗ. ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಪರೀಕ್ಷೆ ಮಾಡಿಸಿದಿರಿ? ಎಷ್ಟು ದಿನ ಮಾತ್ರೆ ತಪ್ಪಿತು? ನನಗೆ ಹೇಳಬೇಕಾಗಿಲ್ಲ. ನೀವಿಬ್ಬರೂ ಕೂತು ನಿಜವಾದ ಲೆಕ್ಕ ಹಾಕಿಕೊಳ್ಳಿ.

ವಾಲ್ವಿನಲ್ಲಿ ಹೆಪ್ಪು ಕಟ್ಟಿಕೊಂಡು ರಾತ್ರೋರಾತ್ರಿ ಬಂದವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರ ಕಾರಣಗಳು ತೀರಾ ಸಣ್ಣವು. ಮೆಡಿಕಲ್ ಶಾಪಿನಲ್ಲಿ ಆ ಮಾತ್ರೆ ಖಾಲಿಯಾಗಿತ್ತು. ಮನೆಯಲ್ಲಿ ಮದುವೆ, ಓಡಾಟದಲ್ಲಿ ಮರೆತರು. ಹಲ್ಲು ಕೀಳಿಸಲು ನಿಲ್ಲಿಸಿದವರು ಮತ್ತೆ ಶುರುಮಾಡಲೇ ಇಲ್ಲ. ಅಥವಾ ಎಲ್ಲಕ್ಕಿಂತ ಸಾಮಾನ್ಯವಾದದ್ದು: 'ಆರಾಮಾಗಿದ್ದೆ ಸಾರ್, ಇನ್ಯಾಕೆ ಅಂತ ಬಿಟ್ಟೆ.'

ಹಾಗಾದರೆ ಟಿಶ್ಯೂ ಹಾಕಿಸಿ ಮಾತ್ರೆಯ ಕಾಟವೇ ಬೇಡ ಅನ್ನೋಣವಾ? ಇಲ್ಲೊಂದು ತೊಡಕಿದೆ. ಎದೆಬಡಿತದ ಏರುಪೇರು ಉಳಿದರೆ, ಟಿಶ್ಯೂ ವಾಲ್ವ್ ಹಾಕಿದರೂ ರಕ್ತ ತೆಳು ಮಾಡುವ ಮಾತ್ರೆ ಬೇಕೇ ಬೇಕಾಗುತ್ತದೆ. ಅಂದರೆ ಟಿಶ್ಯೂವಿನ ದೊಡ್ಡ ಲಾಭವೇ ಅರ್ಧ ಹೋಯಿತು. ಪೂರ್ತಿ ಹೋಗಲಿಲ್ಲ ಅನ್ನುವುದು ಯಾಕೆಂದರೆ, ಟಿಶ್ಯೂ ವಾಲ್ವ್ ಇದ್ದವರಿಗೆ ಮೊದಲ ಮೂರು ತಿಂಗಳಾದ ಮೇಲೆ ಐಎನ್‌ಆರ್ ಬೇಡದ ಹೊಸ ಮಾತ್ರೆಗಳನ್ನು ಕೊಡಬಹುದು. ಮೆಟಲ್ ವಾಲ್ವಿಗೆ ಆ ಹೊಸ ಮಾತ್ರೆಗಳು ಖಂಡಿತ ಬೇಡ. ಅವುಗಳಲ್ಲಿ ಒಂದಾದ ಡಬಿಗಾಟ್ರಾನ್ ಕೊಟ್ಟು ನೋಡಿದ ಅಧ್ಯಯನವನ್ನು ಹೆಪ್ಪು, ರಕ್ತಸ್ರಾವ ಎರಡೂ ಜಾಸ್ತಿಯಾಗಿ ಅರ್ಧಕ್ಕೇ ನಿಲ್ಲಿಸಿದರು. ಅಪಿಕ್ಸಾಬಾನ್ ಕಥೆಯೂ ಅಷ್ಟೆ, ಅಲ್ಲೂ ಹೆಪ್ಪು ಜಾಸ್ತಿಯಾಗಿ ನಿಲ್ಲಿಸಬೇಕಾಯಿತು. ಯಾರಾದರೂ 'ಪರೀಕ್ಷೆ ಬೇಡದ ಮಾತ್ರೆಗೆ ಬದಲಿಸೋಣ' ಅಂದರೆ, ಎದೆಯಲ್ಲಿ ಮೆಟಲ್ ವಾಲ್ವ್ ಇದೆ ಅಂತ ಹೇಳಿ ತಡೆಯಿರಿ. ಆಪರೇಷನ್ ಮಾಡುವಾಗಲೇ ಬಡಿತ ಸರಿಮಾಡುವ ಮೇಜ್ ಅನ್ನುವ ಕೆಲಸ, ಹೆಪ್ಪು ಕೂರುವ, ಹೃದಯದ ಎಡಗಡೆಯ ಕಿವಿಯಂಥ ಚೀಲವನ್ನು ಮುಚ್ಚುವುದು, ಪಕ್ಕದ ಟ್ರೈಕಸ್ಪಿಡ್ ವಾಲ್ವ್ ಲೀಕಿದ್ದರೆ ಬಿಗಿ ಮಾಡುವುದು, ಇವುಗಳಲ್ಲಿ ಯಾವುದು ಮಾಡುತ್ತೀರಿ ಅಂತ ಸರ್ಜನ್ನರನ್ನು ಮೊದಲೇ ಕೇಳಿ.

ಮಗುವಿನ ವಿಷಯಕ್ಕೆ ಬರುತ್ತೇನೆ. ಇನ್ನೊಂದು ಮಗು ಬೇಕು ಅಂತ ನಿಮ್ಮ ಅಮ್ಮನ ಆಸೆ ಅಂತ ಬರೆದಿದ್ದೀರಿ. ನಿಮ್ಮ ಮನೆಯವರಿಗೆ ಏನು ಬೇಕು ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಇದು ನಾನು ದಿನವೂ ನೋಡುವುದೇ. ಕನ್ಸಲ್ಟಿಂಗ್ ರೂಮಿನಲ್ಲಿ ಗಂಡ, ಅತ್ತೆ, ಅಣ್ಣ ಎಲ್ಲ ಮಾತಾಡುತ್ತಾರೆ. ಆ ಹೆಣ್ಣುಮಗಳು ಸೆರಗಿನ ತುದಿ ಸುತ್ತುತ್ತಾ ಕೂತಿರುತ್ತಾರೆ. ಒಬ್ಬರೇ ಇರುವಾಗ ಅವರನ್ನು ಕೇಳಿ. ವಾಲ್ವಿನ ಆಯ್ಕೆ ಅರ್ಧ ಆ ಉತ್ತರದ ಮೇಲೇ ನಿಂತಿದೆ.

ಯಾಕೆಂದರೆ ಮೆಟಲ್ ವಾಲ್ವ್ ಇಟ್ಟುಕೊಂಡು ಬಸುರಾಗುವುದು ತಾಯಿಗೂ ಮಗುವಿಗೂ ಅಪಾಯದ ಕೆಲಸ. ವಾರ್ಫರಿನ್, ಅಸಿಟ್ರಾಮ್ ಎರಡೂ 6ರಿಂದ 12ನೇ ವಾರದ ನಡುವೆ ಮಗುವಿನ ಮೂಗು, ಮೂಳೆಯ ಬೆಳವಣಿಗೆ ಕೆಡಿಸಬಹುದು. ಗರ್ಭಪಾತವೂ ಆಗಬಹುದು. ಮಾತ್ರೆ ಬಿಟ್ಟು ಹೆಪರಿನ್ ಚುಚ್ಚಿಸಿಕೊಂಡರೆ ಮಗು ಕ್ಷೇಮ, ಆದರೆ ತಾಯಿಯ ವಾಲ್ವಿನ ಮೇಲೆ ಹೆಪ್ಪು ಕೂರುವ ಭಯ ಜಾಸ್ತಿ. ಮಾತ್ರೆಯ ಡೋಸ್ ಕಡಿಮೆ ಇರುವವರನ್ನು ದೊಡ್ಡ ಆಸ್ಪತ್ರೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು ಹೆರಿಗೆ ಮಾಡಿಸಿದ್ದೂ ಇದೆ. ಹಳ್ಳಿಯಲ್ಲಿದ್ದುಕೊಂಡು ಅದು ಕಷ್ಟ. ಟಿಶ್ಯೂ ವಾಲ್ವ್ ಇದ್ದು, ಬಡಿತವೂ ಸರಿಯಿದ್ದರೆ ಬಸಿರು ಎಷ್ಟೋ ಸಲೀಸು. ಬಡಿತ ಸರಿಹೋಗದಿದ್ದರೆ ಅಲ್ಲೂ ಚುಚ್ಚುಮದ್ದು ಬೇಕಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಈ ಮಾತ್ರೆ ತಿನ್ನುವ ಎಷ್ಟೋ ಹೆಂಗಸರಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ನಾಚಿಕೆಯಿಂದ ಹೇಳುವುದಿಲ್ಲ. ಗಂಡಸು ಡಾಕ್ಟರ ಮುಂದೆ ಅಂತೂ ಹೇಳುವುದೇ ಇಲ್ಲ. ರಕ್ತಹೀನತೆ ಬಂದು ಮತ್ತೆ ಏದುಸಿರು ಶುರುವಾದಾಗ ವಾಲ್ವೇ ಕೆಟ್ಟಿತು ಅಂತ ಹೆದರಿ ಓಡಿ ಬರುತ್ತಾರೆ. ಇದಕ್ಕೆ ಚಿಕಿತ್ಸೆ ಇದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಿಂದ ರಕ್ತ ಹೋಗುವುದೂ ಕಡಿಮೆಯಾಗುತ್ತದೆ, ಗರ್ಭವೂ ನಿಲ್ಲುವುದಿಲ್ಲ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಮಾತ್ರ ಬೇಡ, ಅದು ಹೆಪ್ಪು ಹೆಚ್ಚಿಸುತ್ತದೆ. ಹೆರಿಗೆ ಡಾಕ್ಟರ ಹತ್ತಿರ ಆಪರೇಷನ್‌ಗೆ ಮೊದಲೇ ಒಮ್ಮೆ ಕರೆದುಕೊಂಡು ಹೋಗಿ.

ಹಂದಿ, ದನ ಬೇಡ ಅನ್ನುವ ಅಮ್ಮನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎದೆಯೊಳಗೆ ಇಟ್ಟುಕೊಳ್ಳುವ ವಸ್ತು, ಮನಸ್ಸು ಒಪ್ಪಬೇಕು. ಅದನ್ನು ಸರ್ಜನ್ನರಿಗೆ ಮೊದಲೇ, ಸಹಿ ಹಾಕುವ ದಿನಕ್ಕಿಂತ ಮುಂಚೆ ಹೇಳಿ. ಜೊತೆಗೆ ನಿಜವನ್ನೂ ಹೇಳಿಬಿಡುತ್ತೇನೆ. ಯಾವ ವಾಲ್ವ್ ಹಾಕಿದರೂ, ಆಪರೇಷನ್ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದಲೇ ತಯಾರಾಗುವುದು. ಇದನ್ನು ಅಮ್ಮನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ವಾಲ್ವ್ ಹೊರುವವರು ಅವರಲ್ಲ ಅನ್ನುವುದೂ ನೆನಪಿರಲಿ.

ನನ್ನ ಅಭಿಪ್ರಾಯ ಕೇಳಿದರೆ: ನಿಮ್ಮ ಮನೆಯವರಿಗೇ ಇನ್ನೊಂದು ಮಗು ಬೇಡ ಅಂತಿದ್ದು, ಹೊಸದುರ್ಗದಲ್ಲಿ ತಿಂಗಳಿಗೊಮ್ಮೆ ಐಎನ್‌ಆರ್ ಆಗುವುದು ಖಾತ್ರಿಯಾದರೆ, ಮೆಟಲ್. ಅವರಿಗೇ ಮಗುವಿನ ಆಸೆ ಇದ್ದರೆ ಟಿಶ್ಯೂ, ಹತ್ತು ವರ್ಷದ ಆಚೀಚೆ ಇನ್ನೊಂದು ಆಪರೇಷನ್ ಇದೆ ಅಂತ ಈಗಲೇ ಒಪ್ಪಿಕೊಂಡು. ಪರೀಕ್ಷೆ ನಡೆಯುವುದೇ ಇಲ್ಲ ಅನ್ನುವ ಪರಿಸ್ಥಿತಿ ಇದ್ದರೂ ಟಿಶ್ಯೂವೇ ವಾಸಿ. ನೋಡಿಕೊಳ್ಳದ ಮೆಟಲ್ ವಾಲ್ವಿನಷ್ಟು ಅಪಾಯದ್ದು ಇನ್ನೊಂದಿಲ್ಲ.

ತಯಾರಿಯಲ್ಲಿ ಮೊದಲು ಹಲ್ಲು. ನಗಬೇಡಿ. ಹುಳುಕು ಹಲ್ಲಿನಿಂದ ರಕ್ತಕ್ಕೆ ಇಳಿದ ಸೋಂಕು ಹೊಸ ವಾಲ್ವಿನ ಮೇಲೆ ಕೂತರೆ ಅದನ್ನು ತೆಗೆಯುವುದು ಬಹಳ ಕಷ್ಟ. ಕೀಳಿಸುವುದು, ತುಂಬಿಸುವುದು ಏನಿದ್ದರೂ ಆಪರೇಷನ್‌ಗೆ ಎರಡು ಮೂರು ವಾರ ಮೊದಲೇ ಮುಗಿಸಿ. ಹಾರ್ಟ್ ತೊಂದರೆ ಇದೆ, ಅಸಿಟ್ರಾಮ್ ತಿನ್ನುತ್ತಾರೆ ಅಂತ ಹಲ್ಲಿನ ಡಾಕ್ಟರಿಗೆ ಹೇಳಿ. ವಾಲ್ವ್ ಹಾಕಿದ ಮೇಲೆ ಯಾವತ್ತು ಹಲ್ಲಿನ ಕೆಲಸ ಮಾಡಿಸಿದರೂ ಮೊದಲು ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಲಿ. ನೀವು ಬೀಡಿ ಸೇದುತ್ತಿದ್ದರೆ ಮನೆಯೊಳಗೆ ಬೇಡ.

ಅಸಿಟ್ರಾಮ್ ಆಪರೇಷನ್‌ಗೆ ಕೆಲವು ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಯಾವತ್ತು ಅಂತ ಆಸ್ಪತ್ರೆಯವರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ರಕ್ತಹೀನತೆ, ಸಕ್ಕರೆ, ಕಿಡ್ನಿ ಎಲ್ಲ ಅವರು ನೋಡುತ್ತಾರೆ. ಬಾಯಿಂದ ನಳಿಕೆ ಇಳಿಸಿ ಮಾಡುವ ಎಕೋ ಕೂಡ ಮಾಡಬಹುದು, ಒಳಗೆ ಹೆಪ್ಪಿದೆಯಾ ಅಂತ. ರಕ್ತ ಕೊಡುವವರನ್ನು ಮೊದಲೇ ಹೇಳಿಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಬೆಂಗಳೂರಿನಲ್ಲಿ ನಿಂತು ಊರಿನ ಹುಡುಗರಿಗೆ ಫೋನ್ ಮಾಡುವ ಕಷ್ಟ ಬೇಡ. ಮೂರು ಚೆಂಡಿನ ಉಸಿರಾಟದ ಡಬ್ಬಿ ತಂದು ಈಗಿನಿಂದಲೇ ಅಭ್ಯಾಸ ಮಾಡಿಸಿ. ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಲಿ.

ಥಿಯೇಟರ್‌ಗೆ ಹೋಗುವ ಮೊದಲು ಬಳೆ, ಕಾಲುಂಗುರ, ಮೂಗುಬೊಟ್ಟು, ಮಾಂಗಲ್ಯ ಎಲ್ಲ ತೆಗೆಸುತ್ತಾರೆ. ಇದನ್ನು ಮನೆಯಲ್ಲಿ ಹಿರಿಯರಿಗೆ ಮೊದಲೇ ತಿಳಿಸಿಡಿ. ಆ ಬೆಳಗ್ಗೆ ವಾರ್ಡಿನಲ್ಲಿ ಅತ್ತು ಕರೆದು ಆಗುವುದನ್ನು ನೋಡಿದ್ದೇನೆ. ಉಗುರು ಬಣ್ಣ ಬೇಡ, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪಿಗೆ ತೊಂದರೆ. ಮುಂದೆ ಗುಂಡಿ ಇರುವ ನೈಟಿ ನಾಲ್ಕು ಹೊಲಿಸಿಡಿ.

ಹಣದ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ 30 ಶೇಕಡಾ. ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಕೊಳ್ಳಿ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಪ್ಯಾಕೇಜಿನಲ್ಲಿ ಯಾವ ವಾಲ್ವ್ ಬರುತ್ತದೆ, ಬೇರೆ ಬೇಕೆಂದರೆ ಎಷ್ಟು ಕೈಯಿಂದ ಕಟ್ಟಬೇಕು ಅಂತ ಬರೆಸಿಕೊಳ್ಳಿ.

ಆಪರೇಷನ್ ದಿನ ಎದೆಮೂಳೆ ಬಿಡಿಸಿ, ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಹೃದಯ ನಿಲ್ಲಿಸಿ ವಾಲ್ವ್ ಹೊಲಿಯುತ್ತಾರೆ. ಎಚ್ಚರವಾದಾಗ ಬಾಯಲ್ಲಿ ನಳಿಕೆ ಇರುತ್ತದೆ, ಮಾತಾಡಲು ಆಗುವುದಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿದ್ದರೆ ಹೆದರುವುದಿಲ್ಲ. ಎಲ್ಲ ಸರಿ ಹೋದರೆ ಒಂದು ವಾರ, ಹತ್ತು ದಿನದಲ್ಲಿ ಮನೆ. ಎದೆಮೂಳೆ ಕೂಡಲು ಮೂರು ತಿಂಗಳು. ಅಲ್ಲಿಯವರೆಗೆ ಕೊಡ ಎತ್ತುವುದು, ಹಾಲು ಕರೆಯುವುದು, ರಾಗಿ ಮುದ್ದೆ ತಿರುವುವುದು ಬೇರೆಯವರ ಕೆಲಸ. ಯಾರ ಕೆಲಸ ಅಂತ ಈಗಲೇ ಹೆಸರು ಹಿಡಿದು ನಿಗದಿ ಮಾಡಿ.

ಸೊಪ್ಪು ತಿನ್ನಬಾರದು ಅಂತ ಯಾರೋ ಹೇಳಿಯೇ ಹೇಳುತ್ತಾರೆ. ತಿನ್ನಲಿ. ಆದರೆ ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆ ಇರಲಿ. ಒಂದು ವಾರ ದಿನಾ ಬಸ್ಸಾರು, ಮುಂದಿನ ಎರಡು ವಾರ ಸೊಪ್ಪೇ ಇಲ್ಲ ಅಂದರೆ ಐಎನ್‌ಆರ್ ಕುಣಿಯುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಬೇಡಿ. ಪ್ಯಾರಾಸಿಟಮಾಲ್ ಸಾಕು. ನಾಟಿ ಔಷಧಿ ಬೇಡ. ಒಂದು ದಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬಾರದು. ಮುಟ್ಟು ತಪ್ಪಿದರೆ ಆ ವಾರವೇ ಬಸಿರಿನ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತಿಳಿಸಬೇಕು.

21 ದಿನಕ್ಕೊಮ್ಮೆ ಹಾಕಿಸುವ ಪೆನಿಸಿಲಿನ್ ಇಂಜೆಕ್ಷನ್ ಅವರಿಗೆ ನಡೆಯುತ್ತಿದೆಯಾ ಅಂತ ನೀವು ಬರೆದಿಲ್ಲ. ವಾಲ್ವ್ ಬದಲಿಸಿದ ಮೇಲೆ ಇನ್ನು ಅದು ಬೇಡ ಅಂದುಕೊಳ್ಳುವವರೇ ಜಾಸ್ತಿ. ಬದಲಾಗುವುದು ಒಂದು ವಾಲ್ವ್, ಕೀಲುವಾತದ ಜ್ವರ ಮತ್ತೆ ಬಂದರೆ ಕೆಡಿಸಲು ಇನ್ನೂ ಮೂರು ಇವೆ. ಇಂಜೆಕ್ಷನ್ನೋ, ಮಾತ್ರೆಯೋ, ಎಷ್ಟು ವರ್ಷ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಕೊನೆಗೆ ಟಿಕ್ ಟಿಕ್. ನಿಜ, ಬರುತ್ತದೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ಫ್ಯಾನ್ ಆರಿಸಿದಾಗ ಕೈಗಡಿಯಾರದ ಹಾಗೆ ಕೇಳಿಸುತ್ತದೆ. ಮಗಳು ಅಮ್ಮನ ಎದೆಗೆ ಒರಗಿದಾಗ ಅವಳಿಗೂ ಕೇಳಿಸೀತು. ಕೆಲವು ವಾರದಲ್ಲಿ ಮನೆಮಂದಿಗೆಲ್ಲ ಅಭ್ಯಾಸವಾಗುತ್ತದೆ. ಆ ಶಬ್ದವನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಯಾವತ್ತಾದರೂ ಅದು ಮಂಕಾದರೆ, ನಿಂತುಹೋದ ಹಾಗಾದರೆ, ಜೊತೆಗೆ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಿಗೇ ಗಾಡಿ ಮಾಡಿಕೊಂಡು ದೊಡ್ಡಾಸ್ಪತ್ರೆಗೆ ಹೊರಡಿ. ವಾಲ್ವಿನ ಕಾರ್ಡು, ಐಎನ್‌ಆರ್ ಪುಸ್ತಕ ಎರಡೂ ಕೈಯಲ್ಲಿರಲಿ.